ಹತ್ತು ವಾರದ ಬ್ಯಾಟರಿ, ಮೂರು ದಿನದ ಕತ್ತಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಮನೆಗಳಿಂದ ಕೆಲಸ ಮಾಡುವವರಿಗೆ ಆಷಾಢ ಬಂತು ಅಂದ್ರೆ ಒಂದೇ ಚಿಂತೆ: ಕರೆಂಟು ಎಷ್ಟು ಹೊತ್ತು ಇರುತ್ತೆ? ಕಾಡೊಳಗೆ ಲೈನ್ ಮೇಲೆ ಒಂದು ಮರ ಬಿದ್ದರೆ ಎರಡು ಮೂರು ದಿನ ಕತ್ತಲೆಯಾದರೂ ಆಶ್ಚರ್ಯವಿಲ್ಲ. ಇನ್ವರ್ಟರ್ ಇದ್ದರೂ ಮೊದಲ ಪಾಲು ಲ್ಯಾಪ್‌ಟಾಪ್‌ಗೆ, ರೂಟರ್‌ಗೆ. ಹಾಗಾಗಿ ಹಳೇ ಇ-ರೀಡರ್ ಬದಲಿಸಲು ಹೊರಟವರು ಮೊದಲು ನೋಡೋದು ಬ್ಯಾಟರಿಯನ್ನೇ. ಸಹಜ. ಆದರೆ ಅದೊಂದನ್ನೇ ನೋಡಿದರೆ ಸಾಕಾ?

ಮೊದಲು ಕಂಪನಿಯ ಲೆಕ್ಕ ಬಿಡಿಸೋಣ. 2021ರ ಕಿಂಡಲ್ ಪೇಪರ್‌ವೈಟ್‌ಗೆ 10 ವಾರ, 2022ರ ಸಾದಾ ಕಿಂಡಲ್‌ಗೆ 6 ವಾರ, 2024ರ ಪೇಪರ್‌ವೈಟ್‌ಗೆ 12 ವಾರದವರೆಗೆ ಅನ್ನುತ್ತಾರೆ. ಆದರೆ ಅದು ದಿನಕ್ಕೆ ಅರ್ಧ ಗಂಟೆ ಓದಿ, ವೈಫೈ ಆಫ್ ಮಾಡಿ, ಬೆಳಕನ್ನು ಮಧ್ಯಮದಲ್ಲಿ ಇಟ್ಟಾಗಿನ ಮಾತು. ವಾರ ಬಿಟ್ಟು ಗಂಟೆ ಎಣಿಸಿ: 35, 21, 42 ಗಂಟೆ. ಮಳೆಗಾಲದಲ್ಲಿ ದಿನಕ್ಕೆ 3 ಗಂಟೆ ಓದುವವರಿಗೆ ಸುಮಾರು 12, 7, 14 ದಿನ. ಅಂದ್ರೆ ಇವುಗಳಲ್ಲಿ ಕಡಿಮೆಯದ್ದೂ, ಚಾರ್ಜ್ ತುಂಬಿದ್ದರೆ, ಮೂರು ದಿನದ ಕತ್ತಲೆಯನ್ನು ಆರಾಮಾಗಿ ದಾಟಿಸುತ್ತದೆ.

ಇ-ಇಂಕ್ ಪರದೆಗೆ ವಿದ್ಯುತ್ ಬೇಕಾಗೋದು ಮುಖ್ಯವಾಗಿ ಪುಟ ಬದಲಾಗುವಾಗ. ನಿಂತ ಅಕ್ಷರಕ್ಕೆ ಖರ್ಚಿಲ್ಲ. ಚಾರ್ಜ್ ತಿನ್ನೋದು ಬೆಳಕು ಮತ್ತು ವೈಫೈ. ಪುಸ್ತಕ ಇಳಿಸಿಕೊಂಡ ಮೇಲೆ ಏರ್‌ಪ್ಲೇನ್ ಮೋಡ್ ಹಾಕಿದರೆ ಹಳೇ ಸಾಧನವೂ ಇನ್ನಷ್ಟು ದಿನ ಬಾಳೀತು. ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ.

ಬ್ಯಾಟರಿಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ನೀವು ಓದೋದು ಯಾವ ಭಾಷೆಯಲ್ಲಿ? 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಹೊಸ ಇ-ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್ ಬೇಕು. ಆ್ಯಪ್ ಹಾಕಿಕೊಳ್ಳಲು ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ರೀಡರ್ ಬೇಕು. ಅದು ಕೆಲಸ ಜಾಸ್ತಿ ಮಾಡುತ್ತೆ, ಚಾರ್ಜೂ ಬೇಗ ಇಳಿಸುತ್ತೆ. ಅಲ್ಲಿ ವಾರದ ಲೆಕ್ಕ ಮರೆತು ದಿನದ ಲೆಕ್ಕ ಹಿಡಿಯಿರಿ. ಇನ್ನು ಹಳೇ ಕನ್ನಡ ಪುಸ್ತಕಗಳು ಹೆಚ್ಚಾಗಿ ಸಿಗೋದು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. 6 ಇಂಚಿನ ಪರದೆಯಲ್ಲಿ ಒತ್ತಕ್ಷರ ಕಾಣಲು ಕಣ್ಣು ಕಿರಿದು ಮಾಡಬೇಕು. ಅಂಥದ್ದೇ ಓದುವವರಿಗೆ ದೊಡ್ಡ ಪರದೆಯೇ ಮುಖ್ಯ.

ಎರಡನೆಯದು ಚಾರ್ಜಿಂಗ್ ಪೋರ್ಟ್. ಹಳೇ ಮೈಕ್ರೋ ಯುಎಸ್‌ಬಿಗೆ ಪ್ರತ್ಯೇಕ ಕೇಬಲ್ ಹುಡುಕಬೇಕು. ಟೈಪ್-ಸಿ ಇದ್ದರೆ ಫೋನಿನ ಕೇಬಲ್ಲೇ ಸಾಕು. ಇ-ರೀಡರ್ ಬ್ಯಾಟರಿ ಸಾಮಾನ್ಯವಾಗಿ ಫೋನಿನದ್ದಕ್ಕಿಂತ ಚಿಕ್ಕದು, 10,000 ಎಂಎಎಚ್ ಪವರ್ ಬ್ಯಾಂಕ್ ಒಂದಿದ್ದರೆ ಹಲವು ಸಲ ತುಂಬುತ್ತದೆ. 10 ವಾರವೋ 12 ವಾರವೋ ಎಂಬ ಚರ್ಚೆ ಅಲ್ಲಿಗೇ ಮುಗೀತು.

ಮೂರನೆಯದು ಬೆಳಕಿನ ಬಣ್ಣ. ದಿನವಿಡೀ ಲ್ಯಾಪ್‌ಟಾಪ್ ನೋಡಿದ ಕಣ್ಣಿಗೆ, ಕರೆಂಟಿಲ್ಲದ ರಾತ್ರಿಯಲ್ಲಿ ಹಳದಿ ಬೆಳಕು ಹಿತ. ಸಾದಾ ಕಿಂಡಲ್‌ನಲ್ಲಿ ಅದಿಲ್ಲ, ಪೇಪರ್‌ವೈಟ್‌ನಲ್ಲಿದೆ. ಪೇಪರ್‌ವೈಟ್ ನೀರನ್ನೂ ತಡೆಯುತ್ತೆ. ಜಗಲಿಯಲ್ಲಿ ಕೂತು ಓದುವಾಗ ಇರಚಲು ಹೊಡೆದರೂ ಗಾಬರಿಯಿಲ್ಲ.

ಹಾಗಾದರೆ ಆಯ್ಕೆ? ಇಂಗ್ಲಿಷ್ ಕಾದಂಬರಿಯೇ ಹೆಚ್ಚು ಅನ್ನುವವರಿಗೆ ಟೈಪ್-ಸಿ, ಹಳದಿ ಬೆಳಕು ಇರುವ ಕಿಂಡಲ್ ಸಾಕು. ಕನ್ನಡವೇ ಹೆಚ್ಚು ಅಂದ್ರೆ, ಆಗಾಗ ಚಾರ್ಜ್ ಮಾಡುವ ರಗಳೆ ಒಪ್ಪಿಕೊಂಡು ಆಂಡ್ರಾಯ್ಡ್ ಕಡೆ ಹೋಗಿ, ಜೊತೆಗೊಂದು ಪವರ್ ಬ್ಯಾಂಕ್ ಇಡಿ. ಹಳೆಯದರ ಪರದೆ ಚೆನ್ನಾಗಿದ್ದು ಚಾರ್ಜ್ ನಾಲ್ಕು ದಿನ ನಿಲ್ಲುತ್ತೆ ಅಂದ್ರೆ ಈ ಮಳೆಗಾಲ ಅದರಲ್ಲೇ ಕಳೀರಿ. ಉಳಿದ ದುಡ್ಡಿಗೆ ಪುಸ್ತಕ ಬರುತ್ತೆ.