ವರ್ತೂರು ಕೆರೆಯ ರಕ್ಷಣೆ

ವರ್ತೂರು ಕೆರೆಯ ಕೋಡಿಯಿಂದ ಬಿಳಿಯ ನೊರೆ ಎದ್ದು ರಸ್ತೆಯ ಮೇಲೆ ಹಾರಾಡಿದುದನ್ನು 2015ರಲ್ಲಿ ಲೋಕವೆಲ್ಲ ಕಂಡಿತು. ಆ ನೊರೆ ಕೆರೆಯಲ್ಲಿ ಹುಟ್ಟಿದುದಲ್ಲ. ನಗರದ ಬಚ್ಚಲುಗಳ ಸಾಬೂನು ಪುಡಿಯ ನೀರು ಶುದ್ಧಿಗೊಳ್ಳದ ಕೊಳಚೆಯೊಡನೆ ರಾಜಕಾಲುವೆಗಳಲ್ಲಿ ಹರಿದು, ಬೆಳ್ಳಂದೂರು ಕೆರೆಯನ್ನು ಹೊಕ್ಕು, ವರ್ತೂರಿಗಿಳಿದು, ಕೋಡಿಯಲ್ಲಿ ಧುಮುಕುವಾಗ ನೊರೆಯಾಯಿತು. ಇಲ್ಲಿಂದ ಹೊರಟ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ಆದುದರಿಂದ ಇದು ಒಂದು ಊರಿನ ಸಂಕಟ ಮಾತ್ರವಲ್ಲ.

ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿ, ಈ ಕೆರೆಗಳ ಕೆಲಸಕ್ಕೆಂದು 500 ಕೋಟಿಯನ್ನು ಬೇರೆಯಾಗಿ ಇರಿಸಬೇಕೆಂದಿತು. ತರುವಾಯ ಹೂಳೆತ್ತುವ ಕೆಲಸ ನಡೆಯಿತು. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಬಚ್ಚಲ ನೀರು ಬೀಳುತ್ತಿರುವ ಬಾವಿಯಿಂದ ಕೆಸರನ್ನು ಮಾತ್ರ ಎತ್ತಿದರೆ ಬಾವಿ ಶುದ್ಧವಾದೀತೆ?

ರಕ್ಷಿತವಾದ ಕೆರೆ ಹೇಗಿರುತ್ತದೆಂಬುದನ್ನು ಗದಗ ಜಿಲ್ಲೆಯ ಮಾಗಡಿಯಲ್ಲಿ ನೋಡಬಹುದು. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಮರಳುತ್ತವೆ. 2024ರಲ್ಲಿ ಆ ಕೆರೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಅದು ಹಳ್ಳಿಯ ಕೆರೆ, ಇದು ಮಹಾನಗರದ್ದು ಎಂದು ಅಧಿಕಾರಿಗಳು ಹೇಳಬಹುದು. ನಿಜ, ಆದರೆ ಮಹಾನಗರಕ್ಕೆ ಕೊಳಚೆ ಹೆಚ್ಚಿರುವಂತೆಯೇ ಹಣವೂ ವಿದ್ಯೆಯೂ ಹೆಚ್ಚಾಗಿವೆಯಷ್ಟೆ.

ನೀರನ್ನು ಕಾಯುವ ಬುದ್ಧಿ ಈ ನಾಡಿಗೆ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾಸಮಾಧಿಗಳ ನಡುವೆ, ಒಂದು ಕೊಳವಿದೆ. ತಮ್ಮ ಹೆಸರನ್ನೂ ಬರೆದಿಡದ ಆ ಜನರ ಕೊಳ ಇಂದಿಗೂ ಉಳಿದಿದೆ. ಇಲಾಖೆಗಳೂ ಇಂಜಿನಿಯರುಗಳೂ ಉಳ್ಳ ನಾವು ಮುಂದಿನವರಿಗೆ ನೊರೆಯನ್ನು ಬಿಟ್ಟುಹೋಗಬೇಕೆ?

ನಮ್ಮ ಬೇಡಿಕೆ ಚಿಕ್ಕದು. ಏರಿಯ ಮೇಲಣ ಅಲಂಕಾರಕ್ಕೆ ಹಣ ಸುರಿಯುವ ಮುನ್ನ ಕೆರೆಯ ಬಾಯಿಗಳನ್ನು ನೋಡಿರಿ. ಪ್ರತಿಯೊಂದು ಕಾಲುವೆಯಿಂದ ಒಳಬರುವ ನೀರು ಎಷ್ಟು, ಅದರಲ್ಲಿ ಶುದ್ಧೀಕರಿಸಿದ್ದು ಎಷ್ಟು ಎಂಬುದನ್ನು ತಿಂಗಳು ತಿಂಗಳೂ ಏರಿಯ ಮೇಲೆಯೇ ಕನ್ನಡದಲ್ಲಿ ಬರೆದು ನಿಲ್ಲಿಸಲಿ. ಊರಿನ ಮಹಾಜನರು ಅದನ್ನು ಓದಿ ಲೆಕ್ಕ ಕೇಳಲಿ. ಒಳಬರುವ ನೀರನ್ನು ಕಾಯದವನು ಕೆರೆಯನ್ನು ಕಾಯಲಾರನು.