ಹೊಸ ನಾಣ್ಯದ ಸರಾಫರು

ಹಾಲಿ ಸಿಕ್ಕಾ, ಕಲ್ದಾರ ಎಂಬ ಎರಡು ಬಗೆಯ ರೂಪಾಯಿಗಳ ಹೆಸರನ್ನು ಹಿರಿಯರ ಬಾಯಿಂದ ಕೇಳಿದ ಮನೆಗಳು ಬೀದರ ಜಿಲ್ಲೆಯಲ್ಲಿ ಇಂದಿಗೂ ಉಂಟು. ಹಾಲಿ ಸಿಕ್ಕಾ ನಿಜಾಮ ಸರಕಾರದ ನಾಣ್ಯ. ಕಲ್ದಾರವು ಇಂಗ್ಲಿಷ್ ಸರಕಾರದ್ದು. 1950ರ ವೇಳೆಗೆ ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂಬ ದರವಿದ್ದಿತು; 1959ರಲ್ಲಿ ಹಾಲಿ ಸಿಕ್ಕಾದ ಚಲಾವಣೆಯು ಕೊನೆಗೊಂಡಿತು. ಇಂತಹ ಕಾಲದಲ್ಲಿ ಪೇಟೆಯ ವ್ಯವಹಾರವು ನಿಂತುದು ಸರಾಫನ ಕಣ್ಣು ಕಿವಿಗಳ ಮೇಲೆ. ಸರಾಫನು ನಾಣ್ಯವನ್ನು ಟಂಕಿಸುವವನಲ್ಲ; ಅದನ್ನು ಬಡಿದು ನಾದ ಕೇಳಿ, ತೂಗಿ ನೋಡಿ, ಸಾಚಾ ಯಾವದು ಖೋಟಾ ಯಾವದು ಎಂದು ಹೇಳುವವನು. ಅವನಿಲ್ಲದಿದ್ದರೆ ಟಂಕಸಾಲೆಯ ಮುದ್ರೆಗೂ ಬೆಲೆಯಿಲ್ಲ.

ಈಗ ಕ್ರಿಪ್ಟೋ ಎಂಬ ಹೊಸ ಬಗೆಯ ನಾಣ್ಯದ ಮಾತು ಬೀದರ ನಗರದಲ್ಲಿಯೂ ಭಾಲ್ಕಿ, ಔರಾದಗಳಲ್ಲಿಯೂ ಕಿವಿಗೆ ಬೀಳುತ್ತಲಿದೆ. ಆ ಮಾತು ಬಹುಮಟ್ಟಿಗೆ ಒಂದೇ: ಇಂದು ಕೊಂಡರೆ ಎಂದಿಗೆ ಇಮ್ಮಡಿಯಾದೀತು? ಕೊಳ್ಳುವ ಮಾರುವ ಚರ್ಚೆಯನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ಈ ನಾಣ್ಯವನ್ನು ನಡೆಯಿಸುವ ತಂತ್ರಾಂಶವು ಎಲ್ಲರ ಕಣ್ಣಿಗೂ ತೆರೆದಿರುವದೆಂಬದನ್ನೂ, ಮನೆಯ ಒಂದು ಕಾಸನ್ನೂ ಹೂಡದೆ ನಮ್ಮ ತರುಣ ತರುಣಿಯರು ಅದರ ಕೆಲಸದಲ್ಲಿ ಕೈಗೂಡಿಸಬಹುದೆಂಬದನ್ನೂ ಬಲ್ಲವರು ಕಡಿಮೆ. ಬೀದರದ ಗುರುನಾನಕ ದೇವ ಇಂಜನಿಯರಿಂಗ್ ಕಾಲೇಜಿನಲ್ಲಿಯೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲಿಯೋ ಮಕ್ಕಳು ಓದುತ್ತಿರುವ ಗೃಹಸ್ಥರಿಗೆ ಇದು ತಿಳಿದಿರಬೇಕಾದ ವಿಷಯವು.

ಕ್ರಿಪ್ಟೋ ನಾಣ್ಯಗಳಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ನಿನ ಕಲ್ಪನೆಯು 2008ರ ಅಕ್ಟೋಬರ 31ರಂದು ಸಾತೋಶಿ ನಾಕಾಮೋತೋ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಆ ಹೆಸರಿನ ಹಿಂದೆ ಇರುವವರಾರೆಂಬದು ಇಂದಿಗೂ ಬಯಲಾಗಿಲ್ಲ. 2009ರ ಜನವರಿಯಲ್ಲಿ ಅದರ ತಂತ್ರಾಂಶವು ಹೊರಬಿದ್ದಿತು. ಅದನ್ನೀಗ ಬಿಟ್‌ಕಾಯಿನ್ ಕೋರ್ ಎನ್ನುತ್ತಾರೆ. ಯಾರಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು ಎಂಬ ಪರವಾನಿಗೆಯೊಡನೆಯೇ ಅದು ಬಂದಿದೆ. ಈ ನಾಣ್ಯದ ಲೆಕ್ಕವನ್ನು ಯಾವ ಬ್ಯಾಂಕೂ ಇಡುವದಿಲ್ಲ. ಲೋಕದಲ್ಲೆಲ್ಲ ಹರಡಿರುವ ಸಾವಿರಾರು ಗಣಕಯಂತ್ರಗಳು ಒಂದೇ ಖಾತೆಕೀರ್ದಿಯ ಪ್ರತಿಗಳನ್ನು ಇಟ್ಟುಕೊಂಡು, ಬಂದ ಪ್ರತಿಯೊಂದು ನಮೂದನ್ನೂ ತಾವೇ ತಾಳೆನೋಡುತ್ತವೆ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರಕೂಡದೆಂಬದು ಮೂಲನಿಯಮ. ಆ ನಿಯಮಕ್ಕೆ ಕಾವಲು ತಂತ್ರಾಂಶದ ಸಾಲುಗಳೇ.

ಸಾಲಿನಲ್ಲಿ ತಪ್ಪಿದ್ದರೆ ಆಗುವದೇನೆಂಬದಕ್ಕೆ ಎರಡು ನಿದರ್ಶನಗಳು ಸಾಕು. 2010ರ ಆಗಸ್ಟ್ 15ರಂದು ಒಂದು ಕೂಡಿಸುವ ಲೆಕ್ಕದ ದೋಷವನ್ನು ಹಿಡಿದು ಯಾರೋ ಒಬ್ಬರು 18,400 ಕೋಟಿಗೂ ಮಿಕ್ಕಿದ ಬಿಟ್‌ಕಾಯಿನ್ನುಗಳನ್ನು ಶೂನ್ಯದಿಂದ ಸೃಷ್ಟಿಸಿದರು. ಸಂಖ್ಯೆಯು ಅಳತೆ ಮೀರಿ ದೊಡ್ಡದಾದಾಗ ಯಂತ್ರವು ಅದನ್ನು ತಪ್ಪಾಗಿ ಎಣಿಸಿ, ಲೆಕ್ಕವು ಸರಿಯಿದೆಯೆಂದು ಒಪ್ಪಿಕೊಂಡಿತ್ತು. ನೋಡುವ ಕಣ್ಣುಗಳಿದ್ದುದರಿಂದ ಕೆಲವೇ ಗಂಟೆಗಳಲ್ಲಿ ತಿದ್ದುಪಡಿಯು ಹೊರಟು, ಆ ನಮೂದು ಕೀರ್ದಿಯಿಂದ ಅಳಿಸಿತು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ತಾಳೆನೋಡುವ ಕೆಲಸವು ಬೇಗನೆ ಮುಗಿಯಲೆಂದು 2016ರಲ್ಲಿ ಒಂದು ಪರೀಕ್ಷೆಯನ್ನು ಕಿತ್ತುಹಾಕಿದ್ದರು. ಅದರಿಂದ ಒಂದೇ ಹಣವನ್ನು ಒಂದೇ ನಮೂದಿನಲ್ಲಿ ಎರಡು ಸಲ ಖರ್ಚು ಮಾಡಲು ದಾರಿಯಾದುದು 2018ರ ಸೆಪ್ಟೆಂಬರದ ವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಕಂಡುಹಿಡಿದವರು ಬೇರೊಂದು ನಾಣ್ಯದ ತಂತ್ರಾಂಶದಲ್ಲಿ ದುಡಿಯುತ್ತಿದ್ದವರು. ಅವರು ಅದನ್ನು ಬೀದಿಯಲ್ಲಿ ಸಾರದೆ ಹೊಣೆಗಾರರಿಗೆ ಗುಟ್ಟಾಗಿ ತಿಳಿಸಿದರು. ಯಾರಿಗೂ ನಷ್ಟವಾಗುವ ಮೊದಲೇ ಬಿರುಕು ಮುಚ್ಚಿತು.

ಈ ಎರಡು ಸಂಗತಿಗಳಿಂದ ತಿಳಿಯುವದೇನು? ಹೊಸ ಸಾಲುಗಳನ್ನು ಬರೆಯುವವರಿಗಿಂತ ಬರೆದುದನ್ನು ಪರೀಕ್ಷಿಸುವವರೇ ಇಲ್ಲಿ ಹೆಚ್ಚಾಗಿ ಬೇಕಾಗಿದ್ದಾರೆ. ಆದರೂ ಹೊಸದಾಗಿ ಬರುವ ಪ್ರತಿಯೊಬ್ಬ ತರುಣನಿಗೂ ತನ್ನ ಸಾಲು ಸೇರಬೇಕೆಂಬ ಆತುರ. ಸೇರಬೇಕೆಂದು ಬಂದ ತಿದ್ದುಪಡಿಗಳು ಪರೀಕ್ಷಕರಿಲ್ಲದೆ ತಿಂಗಳುಗಟ್ಟಲೆ ಕಾಯುವದುಂಟು. ಟಂಕಸಾಲೆಯ ಬಾಗಿಲಲ್ಲಿ ನೂಕುನುಗ್ಗಲು, ಸರಾಫನ ಕಟ್ಟೆಯು ಬರಿದು! ಆದುದರಿಂದ ಈ ಕೆಲಸಕ್ಕೆ ಇಳಿಯುವವರು ಸರಾಫರಾಗಿಯೇ ಆರಂಭಿಸುವದು ಲೇಸು.

ಆರಂಭದ ಕ್ರಮವು ಹೀಗಿದೆ. ಮೊದಲು ತಂತ್ರಾಂಶವನ್ನು ತನ್ನ ಗಣಕಯಂತ್ರದಲ್ಲಿ ಕಟ್ಟಿ ನಡೆಯಿಸಿ ನೋಡಬೇಕು. ನಿಜವಾದ ಖಾತೆಕೀರ್ದಿಯು 600 ಗಿಗಾಬೈಟನ್ನೂ ಮೀರಿ ಬೆಳೆದಿದೆ. ಅದನ್ನು ಇಳಿಸಿಕೊಳ್ಳುವ ಸೌಕರ್ಯವು ಎಲ್ಲರ ಮನೆಯಲ್ಲಿರುವದಿಲ್ಲ. ಆದರೆ ರೆಗ್‌ಟೆಸ್ಟ್ ಎಂಬ ಅಭ್ಯಾಸದ ಏರ್ಪಾಡೊಂದಿದೆ. ಅದರಲ್ಲಿ ತನ್ನ ಯಂತ್ರದೊಳಗೇ ಬೆಲೆಯಿಲ್ಲದ ನಾಣ್ಯಗಳನ್ನು ಹುಟ್ಟಿಸಿ, ಕಳುಹಿಸಿ, ಕೆಡಿಸಿ ನೋಡಬಹುದು. ಔರಾದದ ಹಳ್ಳಿಯೊಂದರಲ್ಲಿ ಸಾಧಾರಣ ಲ್ಯಾಪ್‌ಟಾಪಿನ ಮುಂದೆ ಕುಳಿತ ವಿದ್ಯಾರ್ಥಿಗೂ ಇದು ಸಾಧ್ಯ.

ಅನಂತರ ಗಿಟ್‌ಹಬ್ಬಿನಲ್ಲಿ ಪರೀಕ್ಷೆಗೆ ಕಾದಿರುವ ಯಾವದಾದರೊಂದು ಚಿಕ್ಕ ತಿದ್ದುಪಡಿಯನ್ನು ಆರಿಸಿಕೊಳ್ಳಬೇಕು. ಅದು ಏನನ್ನು ಬದಲಿಸುವದು, ಏತಕ್ಕಾಗಿ, ಬದಲಿಸಿದ ಮೇಲೆ ಹಳೆಯದೇನಾದರೂ ಮುರಿಯುವದೋ ಎಂಬದನ್ನು ಸಾಲು ಸಾಲಾಗಿ ಓದಿ, ನಡೆಯಿಸಿ ನೋಡಬೇಕು. ಒಪ್ಪಿಗೆಯಾದರೆ ‘ಆ್ಯಕ್’ ಎಂದೂ ಒಪ್ಪದಿದ್ದರೆ ‘ನ್ಯಾಕ್’ ಎಂದೂ ಬರೆಯುವದು ಅಲ್ಲಿಯ ರೂಢಿ. ಕಾರಣವಿಲ್ಲದ ನಿರಾಕರಣೆಗೆ ಅಲ್ಲಿ ಬೆಲೆಯಿಲ್ಲ; ತಾನು ಯಾವ ಪ್ರತಿಯನ್ನು ಹೇಗೆ ಪರೀಕ್ಷಿಸಿದೆನೆಂದು ಹೇಳದ ಒಪ್ಪಿಗೆಗೂ ತೂಕವಿಲ್ಲ. ಬರೆಯುವವರು ಬೋಸ್ಟನ್ನಿನವರೋ ಭಾಲ್ಕಿಯವರೋ ಎಂದು ಕೇಳುವವರಿಲ್ಲ. ಕೊಟ್ಟ ಕಾರಣವು ನಿಲ್ಲುವದೋ ಎಂದು ಮಾತ್ರ ನೋಡುವರು.

ಮೂರನೆಯ ಮೆಟ್ಟಿಲು ಪರೀಕ್ಷೆಯ ಕೋಡನ್ನು ಬರೆಯುವದು. ಮುಖ್ಯ ತಂತ್ರಾಂಶವು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಅದು ಹೊಸಬರಿಗೆ ಕಠಿಣ. ಅದರ ನಡೆಯನ್ನು ಒರೆಗೆ ಹಚ್ಚುವ ಪರೀಕ್ಷೆಗಳಲ್ಲಿ ಬಹಳಷ್ಟು ಪೈಥಾನಿನಲ್ಲಿವೆ. ಅದು ಕಾಲೇಜಿನ ಮಕ್ಕಳಿಗೆ ಪರಿಚಿತವಾದ ಭಾಷೆ. ಇಷ್ಟಾದ ಮೇಲೆ ಸ್ವಂತ ತಿದ್ದುಪಡಿಯನ್ನು ಕಳುಹಿಸಬಹುದು. ಮೂಲದ ಪ್ರತಿಯೊಂದನ್ನು ತನ್ನ ಖಾತೆಗೆ ತೆಗೆದುಕೊಂಡು, ಬೇರೆ ಶಾಖೆಯೊಂದರಲ್ಲಿ ಕೆಲಸ ಮಾಡಿ, ಬದಲಾವಣೆಯ ಕಾರಣವನ್ನು ಸ್ಪಷ್ಟವಾಗಿ ಬರೆದು ಒಪ್ಪಿಸುವದು. ಒಂದು ಸಲಕ್ಕೆ ಒಂದೇ ವಿಷಯ, ಅದೂ ಚಿಕ್ಕದಾಗಿ ಇರಲಿ. ಬರಿಯ ಸೊಗಸಿಗಾಗಿ ಸಾಲುಗಳನ್ನು ಅತ್ತಿತ್ತ ಸರಿಸುವ ತಿದ್ದುಪಡಿಗಳು ಪರೀಕ್ಷಕರ ವೇಳೆಯನ್ನು ತಿನ್ನುವವು. ಅವನ್ನು ಯಾರೂ ಸ್ವಾಗತಿಸರು. ಹಣಕ್ಕೆ ಅಪಾಯವಾಗುವ ದೋಷವು ಕಣ್ಣಿಗೆ ಬಿದ್ದರಂತೂ 2018ರಲ್ಲಿ ನಡೆದಂತೆ ಗುಟ್ಟಾಗಿಯೇ ತಿಳಿಸತಕ್ಕದ್ದು.

ಕೋಡನ್ನು ಅರಿಯದವರಿಗೂ ಕೆಲಸವುಂಟು. ಅದು ಭಾಷೆಯ ಕೆಲಸ. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸೀಮೆಯಿದು. ಬಿಟ್‌ಕಾಯಿನ್ ಕೋರಿನ ಪರದೆಯ ಮೇಲೆ ಕಾಣುವ ಮಾತುಗಳ ಅನುವಾದವನ್ನು ಟ್ರಾನ್ಸಿಫೆಕ್ಸ್ ಎಂಬ ತಾಣದ ಮೂಲಕ ಸಂಗ್ರಹಿಸುವರು. ನೇರವಾಗಿ ಗಿಟ್‌ಹಬ್ಬಿಗೆ ಕಳುಹಿಸಿದುದು ನಿಲ್ಲದು. ಇಲ್ಲಿಯೂ ಸರಾಫನ ಎಚ್ಚರವೇ ಬೇಕು. ಗುಪ್ತ ಕೀಲಿಯನ್ನು ಗುರುತಿನ ಸಂಖ್ಯೆಯೆಂದು ತಪ್ಪಾಗಿ ತಿರುಗಿಸಿದರೆ, ಓದಿದವನು ಅದನ್ನು ಪರರಿಗೆ ಹೇಳಿ ಸರ್ವಸ್ವವನ್ನೂ ಕಳೆದುಕೊಂಡಾನು. ಕನ್ನಡ, ಮರಾಠಿ, ಉರ್ದು, ತೆಲುಗುಗಳ ನಡುವೆ ಬೆಳೆಯುವ ಔರಾದದ ಮಕ್ಕಳಿಗೆ ಮಾತಿನ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ತಂದೆತಾಯಿಗಳಿಗೆ ನಮ್ಮ ನಾಲ್ಕು ಮಾತುಗಳು. ಈ ಸೇವೆಯನ್ನು ಸೇರಲು ಶುಲ್ಕವಿಲ್ಲ, ಠೇವಣಿಯಿಲ್ಲ, ಯಾವ ನಾಣ್ಯವನ್ನೂ ಕೊಳ್ಳಬೇಕಾಗಿಲ್ಲ. ಸೇರಿಸಿಕೊಳ್ಳುವೆವೆಂದು ಹಣವನ್ನು ಕೇಳುವವನಾಗಲಿ, ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ಗುಪ್ತಸಾಲನ್ನು ತೋರಿಸೆನ್ನುವವನಾಗಲಿ, ಇನ್ನಿಬ್ಬರನ್ನು ಕರೆತಂದರೆ ಪಾಲು ಕೊಡುವೆನೆನ್ನುವವನಾಗಲಿ ವಂಚಕನೆಂದೇ ತಿಳಿಯತಕ್ಕದ್ದು. ನಾಣ್ಯವನ್ನು ಮಾರಿ ಬಂದ ಲಾಭಕ್ಕೆ 2022ರಿಂದ ನಮ್ಮ ದೇಶದಲ್ಲಿ ಶೇಕಡಾ 30ರ ಆದಾಯ ತೆರಿಗೆಯಿದೆ. ತಂತ್ರಾಂಶವನ್ನು ಓದಿ ತಿದ್ದುವ ಪುಕ್ಕಟೆ ಸೇವೆಯು ಆ ವ್ಯಾಪಾರವಲ್ಲ. ದುಡಿಮೆಗೆ ಸಂಬಳವು ಮೊದಲಲ್ಲಿ ಸಿಗಲಾರದು. ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ಕಲಿಸುವ ಸಮರ್ ಆಫ್ ಬಿಟ್‌ಕಾಯಿನ್ ಎಂಬ ಯೋಜನೆಯು 2021ರಲ್ಲಿ ಆರಂಭವಾಯಿತು. ಅನುಭವವುಳ್ಳವರಿಗೆ ಧನಸಹಾಯ ಮಾಡುವ ಸಂಸ್ಥೆಗಳೂ ಇವೆ. ಆದರೆ ಅದನ್ನೇ ನಂಬಿ ಓದನ್ನು ಬಿಡುವದು ವಿವೇಕವಲ್ಲ.

ಹಾಗಾದರೆ ದೊರೆಯುವ ಲಾಭವೇನು? ಪರರ ಕೆಲಸವನ್ನು ತಾಳ್ಮೆಯಿಂದ ಓದುವದು, ಕಾರಣ ಕೊಟ್ಟು ಒಪ್ಪುವದು, ಕಾರಣ ಕೊಟ್ಟು ಅಲ್ಲಗಳೆಯುವದು, ತನ್ನ ಸಾಲನ್ನು ಬೇರೆಯವರು ಅಲ್ಲಗಳೆದಾಗ ಸಿಟ್ಟಿಗೇಳದೆ ತಿದ್ದಿಕೊಳ್ಳುವದು—ಇವೆಲ್ಲ ಯಾವ ಉದ್ಯೋಗಕ್ಕೂ ಸಲ್ಲುವ ಗುಣಗಳು. ಈ ಅಭ್ಯಾಸವುಳ್ಳ ಒಬ್ಬ ಮಗನೋ ಮಗಳೋ ಮನೆಯಲ್ಲಿದ್ದರೆ, ನಾಳೆ ಇಮ್ಮಡಿ ಲಾಭದ ಆಸೆಯನ್ನು ತೋರಿಸಿಕೊಂಡು ಬಾಗಿಲಿಗೆ ಬರುವವನನ್ನು ಮೊದಲು ಪ್ರಶ್ನಿಸುವವರು ಅವರೇ ಆದಾರು.