ಕೆಟ್ಟ ಹಲಗೆಯನ್ನು ಒಲೆಗೆ ಹಾಕಬೇಡಿ

ನಮ್ಮ ಕಾರ್ಮಿಕ ಬಂಧುಗಳ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಹೊಸ ಹಂಬಲ ತಲೆಯೆತ್ತಿದೆ. ಹಗಲು ದುಡಿದೋ ಓದಿಯೋ ಬಂದ ಹುಡುಗರು ರಾತ್ರಿ ಹಲಗೆ ಹಾಸಿಕೊಂಡು ಕುಳಿತು ವಿದ್ಯುತ್ ಗಿಟಾರನ್ನು ತಮ್ಮ ಕೈಯಿಂದಲೇ ಕಟ್ಟಲು ಹೊರಟಿದ್ದಾರೆ. ಅಂಗಡಿಯ ಒಳ್ಳೆಯ ಗಿಟಾರಿಗೆ ಹೋಟೆಲಿನಲ್ಲಿ ದುಡಿಯುವ ತಂದೆಯ ತಿಂಗಳ ಸಂಬಳ ಸಾಲದು. ಹಾಗಾಗಿ ತಂತಿ, ಬಿರಡೆಗಳನ್ನು ಮಾತ್ರ ಕೊಂಡು ಮರದ ಕೆಲಸವನ್ನು ತಾವೇ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಇದರಲ್ಲಿ ತಪ್ಪೇನು? ನಮಗಂತೂ ಕಾಣುವುದಿಲ್ಲ. ನಮ್ಮ ಚಿಂತೆ ಬೇರೆ. ಎರಡನೆಯ ತಿಂಗಳಿಗೆ ಉಳಿ ಜಾರುತ್ತದೆ, ತೂತು ಓರೆಯಾಗುತ್ತದೆ, ಹಲಗೆ ಮಂಚದ ಕೆಳಗೆ ಸೇರುತ್ತದೆ. “ಮೊದಲೇ ಹೇಳಲಿಲ್ಲವೆ, ಇದು ನಮ್ಮಂಥವರ ಕೆಲಸವಲ್ಲ” ಎಂದು ಮನೆಯಲ್ಲಿ ಯಾರಾದರೊಬ್ಬರು ಅನ್ನುತ್ತಾರೆ. ಹುಡುಗ ಆ ಮಾತನ್ನು ನಂಬಿಬಿಡುತ್ತಾನೆ. ಹಲಗೆ ಹೋದರೆ ಹೋಗಲಿ, ಇನ್ನೊಂದನ್ನು ತರಬಹುದು. ಹುಡುಗನ ಧೈರ್ಯ ಹೋಯಿತೆಂದರೆ ಅದನ್ನು ಯಾವ ಅಂಗಡಿಯಿಂದ ತರುವುದು?

ತಪ್ಪದೆ ಕೆಲಸ ಮಾಡುವ ಬಡಗಿ ಎಲ್ಲಿಯೂ ಇಲ್ಲ. ತಪ್ಪಿದ ಮೇಲೆ ಏನು ಮಾಡಬೇಕೆಂದು ಬಲ್ಲವನನ್ನೇ ನಾವು ಬಡಗಿ ಎನ್ನುವುದು. ಈ ತಿದ್ದುವ ವಿದ್ಯೆಯನ್ನು ನೋಡಬೇಕಾದರೆ ಗಿಟಾರಿನ ದೇಶಕ್ಕೆ ಹೋಗಬೇಕಾಗಿಲ್ಲ, ಆಂಧ್ರದ ಕೊಂಡಪಲ್ಲಿಗೆ ಹೋದರೆ ಸಾಕು.

ಕೊಂಡಪಲ್ಲಿ ವಿಜಯವಾಡದ ಹತ್ತಿರದ ಊರು. 16ನೆಯ ಶತಮಾನದ ಎರಡನೆಯ ದಶಕದಲ್ಲಿ ಕೃಷ್ಣದೇವರಾಯನು ಗಜಪತಿಗಳಿಂದ ಗೆದ್ದುಕೊಂಡ ಕೋಟೆ ಅಲ್ಲಿದೆ, ಆ ಮಟ್ಟಿಗೆ ನಮಗೂ ಅದು ಅನ್ಯ ಊರಲ್ಲ. ಈಗ ಆ ಊರಿನ ಹೆಸರು ನಿಂತಿರುವುದು ಬೊಂಬೆಗಳ ಮೇಲೆ. ಅಂಬಾರಿ ಹೊತ್ತ ಆನೆ, ದಶಾವತಾರ, ತಾಳೆಮರ ಹತ್ತುವವನು, ಎತ್ತಿನ ಬಂಡಿ, ಹೀಗೆ ಹಳ್ಳಿಯ ಬಾಳೆಲ್ಲ ಅಲ್ಲಿ ಗೇಣುದ್ದದ ಮರದಲ್ಲಿ ನಿಂತಿದೆ. ಮರ ಯಾವುದೆಂದರೆ ತೆಲ್ಲ ಪೊಣಿಕಿ, ಅಂದರೆ ಬಿಳಿ ಪೊಣಿಕಿ. ಬಹಳ ಹಗುರ, ಬಹಳ ಮೆದು. ಅದನ್ನು ಒಣಗಿಸಿ, ಸಣ್ಣ ಉರಿಯ ಶಾಖದಲ್ಲಿ ನೀರಿನಂಶ ತೆಗೆದು ಕೆತ್ತುತ್ತಾರೆ. ಇಡೀ ಆನೆಯನ್ನು ಒಂದೇ ತುಂಡಿನಲ್ಲಿ ಕೆತ್ತುವುದಿಲ್ಲ. ಕೈ ಬೇರೆ, ಕಾಲು ಬೇರೆ, ಸೊಂಡಿಲು ಬೇರೆ ಮಾಡಿಕೊಂಡು ಆಮೇಲೆ ಕೂಡಿಸುತ್ತಾರೆ. ಕೂಡಿಸುವ ಪದಾರ್ಥಕ್ಕೆ ಅಲ್ಲಿನವರು ‘ಮಕ್ಕು’ ಎನ್ನುತ್ತಾರೆ. ಹುಣಸೆಬೀಜದ ಹಿಟ್ಟಿನ ಅಂಟಿಗೆ ಮರದ ಪುಡಿ ಕಲಸಿದರೆ ಮಕ್ಕು ಆಯಿತು. ಸಂದಿಗೆ ಅದೇ, ಕೊರತೆ ಬಿದ್ದಲ್ಲಿ ತುಂಬಲಿಕ್ಕೂ ಅದೇ. ಮೂಗು ಸ್ವಲ್ಪ ಹೆಚ್ಚಾಗಿ ಹೆರೆದುಹೋಯಿತೆ? ಮಕ್ಕು ಇಟ್ಟು ಮೂಗು ಬೆಳೆಸುವುದು. ಒಣಗಿದ ಮೇಲೆ ಸುಣ್ಣ ಬಳಿದು ಬಣ್ಣ ಹಚ್ಚುತ್ತಾರೆ. ಗರಗಸದ ಕೆಳಗೆ ಬಿದ್ದ ಪುಡಿ ಮತ್ತೆ ಮರದ ಜಾಗಕ್ಕೇ ಬಂದು ಕೂರುತ್ತದೆ.

ಹುಣಸೆಬೀಜ ನಮ್ಮವರಿಗೆ ಹೊಸದೇನಲ್ಲ. ಹೋಟೆಲಿನ ಅಡಿಗೆಮನೆಯಲ್ಲಿ ಹುಣಸೆಹಣ್ಣು ಕಿವುಚಿ ಬೀಜ ಎಸೆದವರು ನಮ್ಮಲ್ಲಿ ನೂರಾರು ಮಂದಿ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಸೈಜಿಂಗ್ ಖಾತೆಯಲ್ಲಿದ್ದವರಿಗೆ ಅದೇ ಬೀಜದ ಹಿಟ್ಟು ನೂಲಿನ ಗಂಜಿಯಾಗಿ ಗೊತ್ತು. ಊರ ಕಡೆ ಕಂಬಳಿ ನೇಯುವವರು ಉಣ್ಣೆಗೆ ಹಚ್ಚುವ ಸರಿಯೂ ಅದರದೇ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯ ಪುಡಿಗೆ ಅದೇ ಅಂಟು ಬೆರೆಸಿ ‘ಕಿಟ್ಟ’ ಮಾಡಿ ಬೊಂಬೆಗೆ ಮೆತ್ತುತ್ತಾರೆ. ಇಂಥ ಬೀಜವನ್ನು ನಾವು ಬುಟ್ಟಿಗಟ್ಟಲೆ ಎಸೆದೆವು!

ಆದರೆ ಇದನ್ನು ಓದಿದ ಹುಡುಗ ಗಿಟಾರಿನ ಎಲ್ಲ ಗಾಯಕ್ಕೂ ಮಕ್ಕು ಮೆತ್ತಲು ಹೊರಟರೆ ಕೆಟ್ಟ. ಇಲ್ಲಿ ಸ್ವಲ್ಪ ನಿಂತು ವಾದ್ಯದ ಸ್ವಭಾವ ತಿಳಿಯಬೇಕು.

ಮಾಮೂಲಿ ಗಿಟಾರಿಗೆ ಟೊಳ್ಳು ಹೊಟ್ಟೆ ಬೇಕು, ನಾದ ಅಲ್ಲಿ ಬೆಳೆಯುತ್ತದೆ. ವಿದ್ಯುತ್ ಗಿಟಾರಿಗೆ ಅದು ಬೇಡ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸಣ್ಣ ತಂತಿಯ ಸಾವಿರಾರು ಸುತ್ತು. ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅದನ್ನು ಯಂತ್ರ ದೊಡ್ಡದು ಮಾಡುತ್ತದೆ. 1940ರ ಸುಮಾರಿಗೆ ಅಮೆರಿಕೆಯ ಲೆಸ್ ಪಾಲ್ ಎಂಬ ವಾದಕ ನಾಲ್ಕು ಅಂಗುಲ ದಪ್ಪದ ಪೈನ್ ಮರದ ತೊಲೆಗೇ ತಂತಿ ಬಿಗಿದು ನುಡಿಸಿದ. ನೋಟಕ್ಕೆ ಗಿಟಾರಿನಂತೆ ಇರಲೆಂದು ಎರಡು ಪಕ್ಕಕ್ಕೂ ಹಳೆಯ ಗಿಟಾರಿನ ಅರ್ಧರ್ಧ ಒಡಲು ಅಂಟಿಸಿದನಂತೆ! ಹಾಗಾದರೆ ಒಡಲೆಂಬುದು ಗಟ್ಟಿ ಹಲಗೆ, ಅಷ್ಟೆ. ಅದರ ಅಂಚಿನಲ್ಲಿ ಚಕ್ಕೆ ಎದ್ದರೆ, ಸುರುಳಿಯ ಗುಳಿ ಅರ್ಧ ಅಂಗುಲ ಹಿಗ್ಗಿದರೆ ನಾದಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಅಲ್ಲಿ ಮರದ ಪುಡಿಗೆ ಅಂಟು ಕಲಸಿ ತುಂಬಿ, ಉಜ್ಜಿ, ಬಣ್ಣ ಹಚ್ಚಿದರೆ ಕೊಂಡಪಲ್ಲಿಯವರ ಕೆಲಸವೇ ಆಯಿತು. ಮಳೆಗಾಲದ ಗಾಳಿಗೆ ಹುಣಸೆಯ ಅಂಟು ನೀರು ಕುಡಿದು ಮೆದುವಾಗಬಹುದು, ಆದ್ದರಿಂದ ಗಿಟಾರಿಗೆ ಫೆವಿಕಾಲಿನಂಥ ಅಂಟು ವಾಸಿ.

ಕತ್ತಿನ ಮಾತು ಹಾಗಲ್ಲ. ಆರು ತಂತಿಗಳನ್ನು ಸ್ವರಕ್ಕೆ ಬಿಗಿದಾಗ ಎಳೆತ ಒಟ್ಟು ಸುಮಾರು 45 ಕಿಲೋ. ಅಕ್ಕಿಯ ದೊಡ್ಡ ಮೂಟೆಯೊಂದು ಹಗಲೂ ರಾತ್ರಿ ಆ ಸಣ್ಣ ಕೋಲಿಗೆ ಜೋತುಬಿದ್ದಂತೆ. ಅಲ್ಲಿ ಪುಡಿ ತುಂಬಿದ ಸೀಳು ಒಂದು ದಿನ ಬಾಯಿ ಬಿಟ್ಟೇ ಬಿಡುತ್ತದೆ. ಭಾರ ಹೊರುವ ಜಾಗದಲ್ಲಿ ಮರಕ್ಕೆ ಮರವೇ ಬೇಕು. ಗಿರಣಿಯ ಫಿಟ್ಟರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿರುಕು ಬಿಟ್ಟ ಕಬ್ಬಿಣಕ್ಕೆ ಗ್ರೀಸು ಮೆತ್ತಿ ಪಾಳಿ ದಾಟಿಸುವವನನ್ನು ಅವರು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಅದೇ ಆಂಧ್ರದಲ್ಲಿ, ವಿಶಾಖಪಟ್ಟಣದಿಂದ ಉತ್ತರಕ್ಕೆ ಬೊಬ್ಬಿಲಿ ಎಂಬ ಊರುಂಟು. ಅದರ ಬಳಿಯ ಗೊಲ್ಲಪಲ್ಲಿಯಲ್ಲಿ ಹಲಸಿನ ಒಂದೇ ದಿಮ್ಮಿಯಿಂದ ಇಡೀ ವೀಣೆ ತೆಗೆಯುತ್ತಾರೆ. ಸಂದಿಯೇ ಇಲ್ಲ. ಕೊಂಡಪಲ್ಲಿಯ ಕ್ರಮಕ್ಕೆ ಇದು ನೇರ ವಿರುದ್ಧ. ಆದರೂ ವೀಣೆಗೊಂದು ದಯೆ ಉಂಟು: ಅದರ 24 ಮೆಟ್ಟುಗಳು ಕೂತಿರುವುದು ಮೇಣದ ಮೇಲೆ. ಸ್ವರ ತಪ್ಪಿದರೆ ಮೇಣ ಬಿಸಿಮಾಡಿ ಮೆಟ್ಟನ್ನು ಸರಿಸಬಹುದು. ಗಿಟಾರಿನಲ್ಲಿ ಆ ದಯೆಯಿಲ್ಲ. ಬೆರಳು ಹಲಗೆಯಲ್ಲಿ ಗರಗಸದಿಂದ ಗೆರೆ ಕೊಯ್ದು ಮೆಟ್ಟನ್ನು ಬಡಿದು ಕೂರಿಸಬೇಕು. ತಂತಿಯ ಉದ್ದ 648 ಮಿಲಿಮೀಟರಾದರೆ ಮೊದಲ ಮೆಟ್ಟು 36.4ರಲ್ಲಿ, 12ನೆಯದು ಸರಿಯಾಗಿ ಅರ್ಧಕ್ಕೆ, 324ರಲ್ಲಿ. ಅಲ್ಲಿ ಎರಡು ಮಿಲಿಮೀಟರು ಅತ್ತಿತ್ತ ಆದರೆ ಕಿವಿಯಿದ್ದವನು ಹಲ್ಲು ಕಡಿಯುತ್ತಾನೆ. ಎಲ್ಲ ಅಳತೆಯನ್ನೂ ತುದಿಯಿಂದಲೇ ಹಿಡಿಯಬೇಕು. ಒಂದು ಮೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳೆಲ್ಲ ಕೂಡಿ ಕೊನೆಯಲ್ಲಿ ದೊಡ್ಡದಾಗುತ್ತವೆ, ತಿಂಗಳ ಕೊನೆಗೆ ಅಂಗಡಿಯ ಉದ್ರಿ ಲೆಕ್ಕದ ಹಾಗೆ.

ಇಷ್ಟಾಗಿಯೂ ಗೆರೆ ತಪ್ಪಿತೆನ್ನೋಣ. ಹಲಗೆ ಎಸೆಯಬೇಕೆ? ಬೇಡ. ಅದೇ ಜಾತಿಯ ಮರದ ತೆಳು ಪಟ್ಟಿಯನ್ನು ಎಳೆ ಹೊಂದಿಸಿ ಆ ಗೆರೆಯಲ್ಲಿ ಅಂಟಿನೊಡನೆ ಇಳಿಸಿ, ಪೂರ್ತಿ ಒಣಗಿದ ಮೇಲೆ ಸಮ ಮಾಡಿ, ಸರಿಯಾದ ಜಾಗದಲ್ಲಿ ಮತ್ತೆ ಕೊಯ್ಯುವುದು. ಒಡಲಿನಲ್ಲಿ ಕತ್ತು ಕೂರುವ ಗುಳಿ ಸಡಿಲವಾಯಿತೆ? ಗೋಡೆಗೆ ತೆಳುವಾದ ಮರದ ಹಾಳೆ ಅಂಟಿಸಿ ಬಿಗಿ ಮಾಡಬೇಕು. ಕಾಗದ ಮಡಚಿ ತುರುಕಬಾರದು. ಸ್ಕ್ರೂ ತೂತು ತಪ್ಪಿದರೆ ಅದನ್ನು ಇನ್ನೂ ದೊಡ್ಡದಾಗಿ ಕೊರೆದು ಗಟ್ಟಿ ಮರದ ಗೂಟ ಬಡಿದು ಹೊಸ ತೂತು ಹಾಕಬೇಕು. ಸಣ್ಣದಾದರೆ ಬಾಗಿಲ ಕೀಲು ಸಡಿಲಾದಾಗ ನಾವೆಲ್ಲ ಮಾಡುವ ಬೆಂಕಿಕಡ್ಡಿಯ ಉಪಾಯ ಸಾಕು. ಉಳಿಗೆ ಚಕ್ಕೆ ಹಾರಿದರೆ ಮೊದಲು ಗುಡಿಸುವುದನ್ನು ನಿಲ್ಲಿಸಿ ಆ ಚಕ್ಕೆಯನ್ನೇ ಹುಡುಕಬೇಕು. ಅದಕ್ಕಿಂತ ಚೆನ್ನಾಗಿ ಆ ಗಾಯಕ್ಕೆ ಕೂರುವ ತುಂಡು ಲೋಕದಲ್ಲಿ ಬೇರೊಂದಿಲ್ಲ. ಸೀಳಿಗೆ ಅಂಟು ಚೆನ್ನಾಗಿ ಒಳಗಿಳಿಸಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿದರೆ ಬೆಲೆಯ ಸಲಕರಣೆ ಬೇಕಿಲ್ಲ. ಏನೋ ಬಿದ್ದು ಮರ ಜಜ್ಜಿ ತಗ್ಗಾದರೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಇಡಿ, ಅದುಮಿದ ಎಳೆಗಳು ಆವಿ ಕುಡಿದು ಬಹಳಮಟ್ಟಿಗೆ ಮೇಲೇಳುತ್ತವೆ.

ಒಂದು ತಪ್ಪಿಗೆ ಮಾತ್ರ ಔಷಧವಿಲ್ಲ. ಕತ್ತನ್ನು ಮಿತಿಮೀರಿ ತೆಳ್ಳಗೆ ಹೆರೆದರೆ ಅದನ್ನು ಬಿಟ್ಟು ಹೊಸ ಮರ ಹಿಡಿಯುವುದೇ ಮೇಲು. ಹಳೆಯದು ಅಳತೆಯ ಮಾದರಿಗೆ ಆಗುತ್ತದೆ.

ಇದೆಲ್ಲ ಬಡವರ ತೇಪೆ ಕೆಲಸ, ಇದರಿಂದ ಎಂಥ ವಾದ್ಯ ಆದೀತು ಎನ್ನುವವರಿಗೆ ಬ್ರಿಯಾನ್ ಮೇ ಎಂಬವನ ಕಥೆ ಹೇಳಬೇಕು. 1963ರಲ್ಲಿ ಅವನು ಹದಿನಾರರ ಹುಡುಗ, ಲಂಡನ್ನಿನ ಅಂಚಿನಲ್ಲಿ ಮನೆ, ಅಂಗಡಿಯ ಗಿಟಾರಿಗೆ ಹಣವಿಲ್ಲ. ತಂದೆ ಹೆರಾಲ್ಡ್ ಇಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರು. ತಂದೆ ಮಗ ಸೇರಿ ಸುಮಾರು ಎರಡು ವರ್ಷ ಕೆಲಸ ಮಾಡಿದರು. ಕತ್ತಿಗೆ ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಅದಕ್ಕೆ ಹುಳು ಹಿಡಿದಿತ್ತು, ಆ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಮೆಟ್ಟುಗಳ ನಡುವಿನ ಗುರುತಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿ, ತಂತಿ ಅಲುಗಿಸುವ ಭಾಗಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಮುಂದೆ ‘ಕ್ವೀನ್’ ಎಂಬ ತಂಡದಲ್ಲಿ ಅವನು ನುಡಿಸಿದ್ದು ಇದನ್ನೇ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಮನೆಯ ಹುಡುಗ, ಇದನ್ನು ಮುಂಬಯಿಯವರು ಮರೆಯಬಾರದು. 2002ರ ಜೂನಿನಲ್ಲಿ ಬ್ರಿಟನ್ನಿನ ರಾಣಿಯ ಅರಮನೆಯ ಮಾಳಿಗೆ ಮೇಲೆ ನಿಂತು ಬ್ರಿಯಾನ್ ಮೇ ನುಡಿಸಿದಾಗಲೂ ಕೈಯಲ್ಲಿದ್ದುದು ಆ ಬೆಂಕಿಕಡ್ಡಿ ತುಂಬಿದ ಗಿಟಾರೇ.

ತುಂಬಿ ಬಣ್ಣ ಹಚ್ಚುವುದು ಮೋಸವಲ್ಲವೆ ಎಂದು ಕೇಳುವವರೂ ಇದ್ದಾರೆ. ಕೊಂಡಪಲ್ಲಿಯಲ್ಲಿ ಮಕ್ಕು ಎಂಬುದು ಬಚ್ಚಿಟ್ಟ ಗುಟ್ಟಲ್ಲ, ಕಸುಬಿನ ಅಂಗ. ಕೊಳ್ಳುವವನ ಮುಂದೆಯೇ ಕಲಸುತ್ತಾರೆ. ಮೋಸ ಯಾವುದೆಂದರೆ, ಸೀಳಿದ ಕತ್ತಿಗೆ ಪುಟ್ಟಿ ಮೆತ್ತಿ ಪಾಲಿಶ್ ಹೊಡೆದು ಹೊಸದೆಂದು ಮಾರುವುದು. ಈ ನಗರದ ಹಳೆಯ ಸಾಮಾನಿನ ಗಲ್ಲಿಗಳಲ್ಲಿ ಅಂಥ ಮಂಚ, ಕುರ್ಚಿಗಳನ್ನು ಕೊಂಡು ಬೆನ್ನು ಮುರಿಸಿಕೊಂಡವರು ನಮ್ಮಲ್ಲಿ ಇಲ್ಲದಿಲ್ಲ. ನಮ್ಮ ಹುಡುಗರು ತಾವು ಕಟ್ಟಿದ್ದನ್ನು ಎಂದಾದರೂ ಮಾರಿದರೆ ಎಲ್ಲಿ ತೇಪೆ ಹಾಕಿದೆ ಎಂದು ಬೆರಳಿಟ್ಟು ತೋರಿಸಿ ಮಾರಲಿ. ಬೆಲೆ ನೂರು ರೂಪಾಯಿ ಇಳಿದರೆ ಇಳಿಯಲಿ.

ಇನ್ನು ಜಾಗದ ಮಾತು. ಹತ್ತಡಿ ಕೋಣೆಯಲ್ಲಿ ಐದು ಜನ ಮಲಗುವಾಗ ಮರದ ಪುಡಿ ಎಬ್ಬಿಸುವುದು ಹೇಗೆ? ತಾಯಂದಿರು ಬೈಯುವುದರಲ್ಲಿ ನ್ಯಾಯವಿದೆ. ಸಂಘದ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಇಸ್ಪೀಟು ಆಡುವ ಮೇಜೊಂದನ್ನು ಎರಡು ಗಂಟೆ ಬಿಟ್ಟುಕೊಟ್ಟರೆ ಆಗದೆ? ಎರಡು ಉಳಿ, ಒಂದು ಸಣ್ಣ ಹಲ್ಲಿನ ಗರಗಸ, ಒಂದು ಬೈರಿಗೆ, ಅರ, ಉಕ್ಕಿನ ಅಳತೆಪಟ್ಟಿ, ಇಷ್ಟನ್ನು ಚಂದಾ ಎತ್ತಿ ಕೊಳ್ಳಬಹುದು. ಗಿರಣಿಯಿಂದ ನಿವೃತ್ತರಾದ ಫಿಟ್ಟರುಗಳು, ನಮ್ಮ ಆಚಾರಿಗಳು ಸರದಿಯಂತೆ ಬಂದು ಕೂರಲಿ. ಮಂಚದ ಕೆಳಗಿನ ಹಲಗೆಗಳನ್ನು ಹುಡುಗರು ಅಲ್ಲಿಗೆ ತರಲಿ, ಹಾರಿದ ಚಕ್ಕೆ ಸಿಕ್ಕಿದ್ದರೆ ಅದನ್ನೂ ಕಾಗದದಲ್ಲಿ ಕಟ್ಟಿಕೊಂಡು.